ದೊಡ್ಡೆಲೆ ಬೇಸಿಲ್: ಎಲೆ ಯಾಕೆ ಚಿಕ್ಕದಾಯ್ತು?

ಈ ಸಲವೂ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ, ತುಳಸಿಯ ಬಳಗದ ಈ ಅಡುಗೆ ಸೊಪ್ಪಿನ ಬಗ್ಗೆ ಇದೇ. ಹಾಗಾಗಿ ಜಾಗವೂ ಇದಕ್ಕೇ ಜಾಸ್ತಿ. ಮತ್ತೆ ಕೇಳಿದರೆ ಇದೇ ಉತ್ತರ ಕಳಿಸುತ್ತೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ದೊಡ್ಡೆಲೆ ಬೇಸಿಲ್ ಹಾಕಿದ್ದೆ. ಮೊದಮೊದಲು ಅಂಗೈಯಗಲದ ಎಲೆ ಬಂತು. ಈಗ ಗಿಡ ಕಡ್ಡಿಯ ಹಾಗೆ ಉದ್ದವಾಗಿದೆ, ಎಲೆ ಚಿಕ್ಕದಾಗಿದೆ, ತುದಿಯಲ್ಲಿ ಹೂ ಬಂದಿದೆ. ಯಾವ ಗೊಬ್ಬರ ಹಾಕಲಿ?

ಉತ್ತರ: ಯಾವುದೂ ಬೇಡ. ಎಲೆ ಕೀಳುವಾಗ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ? ಬುಡದ ಕಡೆಯ ದೊಡ್ಡ ಎಲೆಗೆ, ಅಲ್ವಾ? ಗಿಡಕ್ಕೆ ಊಟ ತಯಾರಿಸುವುದೇ ಆ ಎಲೆಗಳು. ಅವನ್ನು ಕಿತ್ತುಹಾಕಿ, ತುದಿಯ ಎಳೆ ಕುಡಿಯನ್ನು ‘ಪಾಪ, ಬೆಳೀಲಿ’ ಅಂತ ಬಿಡುತ್ತೀರಿ. ಬಿಟ್ಟ ಕುಡಿ ಹೂತೆನೆಯಾಗುತ್ತದೆ. ತೆನೆ ಹೊರಟ ಮೇಲೆ ಗಿಡದ ಗಮನವೆಲ್ಲ ಬೀಜದ ಕಡೆಗೆ. ಮೇಲೆ ಹೋದಂತೆ ಎಲೆ ಕಿರಿದಾಗುತ್ತದೆ, ಕಾಂಡ ಗಟ್ಟಿಯಾಗುತ್ತದೆ. ಮೊದಲ ವರ್ಷ ನಾನೂ ಹೀಗೇ ಪಾಪ ನೋಡಿ ಗಿಡ ಕೆಡಿಸಿಕೊಂಡವನೇ.

ಗಿಡದ ಹತ್ತಿರ ಕೂತು ಒಂದು ಗೆಣ್ಣು ನೋಡಿ. ಎದುರುಬದುರು ಎರಡು ಎಲೆ ಇರುತ್ತವೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿನಲ್ಲಿ, ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡದಾಗಿ, ಎರಡು ಪುಟ್ಟ ಚಿಗುರು ಕಾಯ್ತಾ ಕೂತಿರುತ್ತವೆ. ಮೇಲಿನ ಕುಡಿ ಇರುವವರೆಗೂ ಅವು ಏಳುವುದಿಲ್ಲ. ಅವುಗಳ ಸ್ವಲ್ಪ ಮೇಲಕ್ಕೆ, ಉಗುರಗಲ ಬಿಟ್ಟು, ಕಾಂಡವನ್ನೇ ಕತ್ತರಿಸಿ. ಒಂದೆರಡು ವಾರದಲ್ಲಿ ಒಂದು ಕಾಂಡವಿದ್ದಲ್ಲಿ ಎರಡಾಗುತ್ತದೆ. ಗಿಡ ಸುಮಾರು 15 ಸೆಂಟಿಮೀಟರ್ ಆದಾಗಲೇ ಇದನ್ನು ಶುರು ಮಾಡಬೇಕಿತ್ತು. ಈಗ ತೆನೆಗಳನ್ನೆಲ್ಲ ತೆಗೆಯಿರಿ, ಆದರೆ ಒಂದೇ ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಕಾಂಡ ಪೂರ್ತಿ ಕಟ್ಟಿಗೆಯಾಗಿದ್ದರೆ ಆಸೆ ಬಿಟ್ಟು ಹೊಸ ಬೀಜ ಹಾಕಿ.

ಕೆಲವರು ಚೆನ್ನಾಗೇ ಚಿವುಟುತ್ತಾರೆ, ಆದರೂ ಎಲೆ ದೊಡ್ಡದಾಗುವುದಿಲ್ಲ. ಅವರ ಕುಂಡ ನೋಡಿದರೆ ಒಂದರಲ್ಲೇ ಹತ್ತು ಸಸಿ! ಸಣ್ಣೆಲೆ ಜಾತಿ ಇಕ್ಕಟ್ಟನ್ನು ಸ್ವಲ್ಪ ತಡೆದೀತು, ಇದು ತಡೆಯುವುದಿಲ್ಲ. ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಆದರೂ ಬಿಡಿ. ದಿನಕ್ಕೆ 6 ಗಂಟೆ ಬಿಸಿಲು ಬೇಕು.

ಇನ್ನು ‘ಎಲೆ ಹಿಗ್ಗಿಸುವ ಟಾನಿಕ್’ ಮಾರುವವರು. ಅಂಥ ಬಾಟಲಿಯಲ್ಲಿ ಹೆಚ್ಚಾಗಿ ಇರುವುದು ಸಾರಜನಕ. ಅತಿಯಾಗಿ ಹಾಕಿದರೆ ಎಲೆ ದೊಡ್ಡದಾಗುತ್ತದೆ ನಿಜ, ಪರಿಮಳ ಕಮ್ಮಿಯಾಗುತ್ತದೆ. ದೊಡ್ಡೆಲೆ ಜಾತಿಯ ಘಮ ಮೊದಲೇ ಸೌಮ್ಯ. ಅದನ್ನೂ ಕಳೆದುಕೊಂಡರೆ ಸುಮ್ನೆ ಸೊಪ್ಪು ತಿಂದ ಹಾಗೆ.

ಪ್ರಶ್ನೆ: ಎಪ್ಸಂ ಉಪ್ಪು ಹಾಕಬಹುದಾ?
ಉತ್ತರ: ಅದು ಮೆಗ್ನೀಸಿಯಂ ಇರುವ ಉಪ್ಪು. ಮಣ್ಣಲ್ಲಿ ಮೆಗ್ನೀಸಿಯಂ ಕೊರತೆ ಇಲ್ಲದಿದ್ದರೆ ದಂಡ.

ಪ್ರಶ್ನೆ: ಕಿಟಕಿಯಲ್ಲಿ ಒಂದು ಗಿಡ ಇಟ್ಟರೆ ಸೊಳ್ಳೆ ಬರೋದಿಲ್ವಂತೆ?
ಉತ್ತರ: ಸೊಳ್ಳೆಪರದೆ ಹಾಕಿಸಿ.

ಪ್ರಶ್ನೆ: ಕೊಯ್ದ ಎಲೆ ಫ್ರಿಜ್‌ನಲ್ಲಿ ಕಪ್ಪಾಗುತ್ತದೆ.
ಉತ್ತರ: ಬೇಸಿಲ್‌ಗೆ ಚಳಿ ಆಗಿಬರಲ್ಲ. ಕಡ್ಡಿ ಸಮೇತ ಲೋಟದ ನೀರಲ್ಲಿಟ್ಟು ಹೊರಗೇ ಇಡಿ. ಅಲ್ಲೇ ಬೇರೂ ಬಿಡಬಹುದು.

ಪ್ರಶ್ನೆ: ಎಲೆಯ ಮೇಲೆ ಹಳದಿ ಪಟ್ಟೆ ಬಂದಿದೆ. ಗೊಬ್ಬರ ಹಾಕಿದರೂ ಹೋಗಿಲ್ಲ.
ಉತ್ತರ: ಎಲೆ ತಿರುಗಿಸಿ ನೋಡಿದಿರಾ? ಯಾರೂ ನೋಡುವುದಿಲ್ಲ. ಹಳದಿ ಬಣ್ಣ ನರಗಳ ನಡುವೆ ಗೆರೆ ಕೊಯ್ದಂತೆ ನಿಂತು, ಅಡಿಯಲ್ಲಿ ಬೂದು-ನೇರಳೆ ಧೂಳಿನಂಥದ್ದು ಕಂಡರೆ ಅದು ಡೌನಿ ಮಿಲ್ಡ್ಯೂ ಅನ್ನುವ ಬೂಷ್ಟಿನಂಥ ರೋಗ. ಗಾಳಿಯಲ್ಲೂ ಬರುತ್ತದೆ, ಬೀಜದಲ್ಲೂ ಬರುತ್ತದೆ. ದೊಡ್ಡ ಎಲೆ ಬೋರಲು ಹಾಕಿದ ಬಟ್ಟಲಿನಂತೆ ಬಾಗಿ ಅಡಿಯಲ್ಲಿ ತೇವ ಹಿಡಿದಿಡುತ್ತದೆ, ರೋಗಕ್ಕೆ ಬೇಕಾದದ್ದೂ ಆ ತೇವವೇ. ಸಂಜೆ ಗಿಡದ ತಲೆ ಮೇಲೆ ನೀರು ಸುರಿಯುವುದು ಬಿಡಿ. ಬೆಳಿಗ್ಗೆ ಬುಡಕ್ಕಷ್ಟೇ ಹಾಕಿ. ರೋಗ ಹತ್ತಿದ ಗಿಡವನ್ನು ಇವತ್ತೇ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ. ಪಕ್ಕದ ಗಿಡದ ಎಲೆಗಳನ್ನೂ ತಿರುಗಿಸಿ ನೋಡಿ, ಆಮೇಲೆ ಬರೆಯಿರಿ.