ಕೋಕೋಪೀಟ್ ಬಿಟ್ಟು ಪೀಟ್ ಮಾಸ್ ತರಿಸಲಾ ಅಂತ ಕೇಳಿದ ಮೇಡಂಗೆ

ಮೇಡಂ, ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್‌ನಲ್ಲಿ ಟೊಮೆಟೊ, ಕ್ಯಾಪ್ಸಿಕಂ ಸಸಿ ಹಳದಿಯಾಗ್ತಿದೆ, ಹೊರದೇಶದ ಪೀಟ್ ಮಾಸ್ (ಜೌಗು ನೆಲದಲ್ಲಿ ಅರೆಬರೆ ಕೊಳೆತ ಪಾಚಿ) ತರಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಬೀಜ ಮೊಳೆಸೋಕೆ ಪೀಟ್ ಚೆನ್ನಾಗೇ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬರೋ ಜಾಗ ಕಣ್ಣಾರೆ ನೋಡಿದ ಮೇಲೆ ನನಗಂತೂ ಕೊಳ್ಳೋಕೆ ಮನಸ್ಸು ಬಂದಿಲ್ಲ.

ಮಗಳು ಐರ್ಲೆಂಡಿನಲ್ಲಿದ್ದಾಳೆ. ಅಲ್ಲಿ ಆಫಲಿ ಕೌಂಟಿಯ ಜೌಗು ಬಯಲು ಕ್ಲಾರಾ ಬಾಗ್‌ಗೆ ಕರ್ಕೊಂಡು ಹೋಗಿದ್ಲು. ಹಲಗೆ ಹಾದಿಯಿಂದ ಬಗ್ಗಿ ಪಾಚಿಯನ್ನ ಕೀಳದೆ ಅಂಗೈಯಲ್ಲಿ ಒತ್ತಿದೆ, ಬೆರಳ ಸಂದಿಯಿಂದ ತಣ್ಣನೆ ನೀರು ಉಕ್ಕಿತು. ಅದೇ ಸ್ಫ್ಯಾಗ್ನಂ, ಒಣ ತೂಕದ 20 ಪಟ್ಟು ನೀರು ಹಿಡಿಯಬಲ್ಲದು. ಪಕ್ಕದಲ್ಲೇ ಉಗುರಗಲದ ಕೆಂಪು ಡ್ರಾಸೆರಾ, ಒಂದೊಂದು ಕೂದಲ ತುದಿಗೂ ಅಂಟಿನ ಹನಿ, ಒಂದಕ್ಕೆ ಗುಂಗುರು ಸಿಕ್ಕಿಕೊಂಡಿತ್ತು. ನೆಲದಲ್ಲಿ ಸಾರ ಇಲ್ಲದ್ದಕ್ಕೆ ಹುಳು ತಿಂದು ಬದುಕೋ ಗಿಡ. ಇಂಥ ಬಯಲಲ್ಲೇ ಕರ್ಲ್ಯೂ ಹಕ್ಕಿ ನೆಲದ ಮೇಲೆ ಗೂಡು ಮಾಡುತ್ತೆ. ಅದೇ ಜಾತಿಯ, ಉದ್ದ ಬಾಗಿದ ಕೊಕ್ಕಿನ ಹಕ್ಕಿ ಚಳಿಗಾಲದಲ್ಲಿ ನಮ್ಮ ಕರಾವಳಿ ಅಳಿವೆಗಳಲ್ಲೂ ಕಾಣುತ್ತೆ.

ಸತ್ತ ಪಾಚಿ ಆ ಹುಳಿ ನೀರಲ್ಲಿ ಗಾಳಿಯಿಲ್ಲದೆ ಪೂರ್ತಿ ಕೊಳೆಯಲ್ಲ. ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಪೀಟ್ ಕೂಡುತ್ತೆ. ನಿಮ್ಮ ಒಂದಡಿ ಕುಂಡ ತುಂಬೋಕೆ 300 ವರ್ಷದ ದಪ್ಪ ಬೇಕು! 2006ರಲ್ಲಿ ಟಿಪ್ಪರರಿಯಲ್ಲಿ ಯಂತ್ರದಿಂದ ಪೀಟ್ ಅಗೆಯುವಾಗ ಸುಮಾರು 1200 ವರ್ಷ ಹಳೆಯ ಕೀರ್ತನೆಗಳ ಪುಸ್ತಕ ಸಿಕ್ತು, ಕರುವಿನ ಚರ್ಮದ ಹಾಳೆಗಳದ್ದು. ಈಗ ಡಬ್ಲಿನ್ ಮ್ಯೂಸಿಯಂನಲ್ಲಿದೆ. ಅಲ್ಲಿನ ರೈತರು ತಲೆತಲಾಂತರದಿಂದ ಸ್ಲಾನ್ ಅನ್ನೋ ಸಲಿಕೆಯಲ್ಲಿ ಪೀಟ್ ಕೊಯ್ದು, ಒಣಗಿಸಿ ಒಲೆ ಉರಿಸಿದವರು. ಆ ಮನೆಬಳಕೆಗೂ, ಕಾಲುವೆ ತೋಡಿ ನೀರು ಬಸಿದು ಚೀಲಗಟ್ಟಲೆ ಕೆರೆಯೋದಕ್ಕೂ ಅಜಗಜಾಂತರ. ನೀರು ಬಸಿದರೆ ಸಾವಿರಾರು ವರ್ಷದಿಂದ ಹೂತಿದ್ದ ಇಂಗಾಲ ಗಾಳಿಗೆ ಸೇರುತ್ತೆ.

ಈಗ ನಿಮ್ಮ ಸಸಿ ವಿಷಯ. ಕೋಕೋಪೀಟ್‌ನಲ್ಲಿ ಗೊಬ್ಬರದ ಅಂಶ ಇಲ್ಲವೇ ಇಲ್ಲ ಅನ್ನಬಹುದು, ಹಳದಿ ಆಗೋದು ಹೆಚ್ಚಾಗಿ ಅದಕ್ಕೇ. ತೊಳೆಯದಿದ್ದರೆ ಉಪ್ಪಿನ ಕಾಟ ಬೇರೆ. ಕೋಕೋಪೀಟ್ ಇಟ್ಟಿಗೆ ನೆನೆಸಿ ಹಿಂಡಿ, ನೀರಿನ ಕಂದು ಬಣ್ಣ ತಿಳಿಯಾಗೋವರೆಗೆ ಮೂರ್ನಾಲ್ಕು ಸಲ ತೊಳೀರಿ. ಸಾಧ್ಯವಾದರೆ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ ಕರಗಿಸಿದ ನೀರಲ್ಲಿ ಒಂದು ರಾತ್ರಿ ಇಟ್ಟು ಮತ್ತೆ ತೊಳೀರಿ. ಎರಡು ಪಾಲು ಕೋಕೋಪೀಟ್‌ಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಬೆರೆಸಿ ಟ್ರೇ ತುಂಬಿ. ತಿಪಟೂರು, ಅರಸೀಕೆರೆ ಕಡೆ ನಾರಿನ ಪುಡಿಗೆ ಬರ ಇಲ್ಲ. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಬಂದರೆ ಹದ ಸರಿ ಇದೆ ಅಂತ. ಆಮೇಲೆ ಬೀಜ ಹಾಕಿ, ಮೂರನೇ ಎಲೆ ಬಂದಾಗ ಇಲ್ಲೇ ಫೋಟೋ ಹಾಕಿ, ನೋಡೋಣ.