ನಿಮ್ಮ ಮಾತಲ್ಲೇ ಮಾತಾಡಿ
ಪ್ರಾರ್ಥನೆ, ಜಪ ಎಲ್ಲ ಮಾಡಿದರೂ ಒಳಗೆ ಏನೂ ಅನಿಸುತ್ತಿಲ್ಲ, ನನ್ನದೇ ದಾರಿ ಹುಡುಕಿಕೊಂಡರೆ ತಪ್ಪಾ ಅಂತ ಕೇಳಿದ್ದೀರಿ. ಖಂಡಿತ ತಪ್ಪಲ್ಲ. ಆ ಖಾಲಿತನವನ್ನು ನಾನೂ ವರ್ಷಗಟ್ಟಲೆ ಅನುಭವಿಸಿದ್ದೇನೆ.

12ನೇ ಶತಮಾನದ ಶರಣ ನುಲಿಯ ಚಂದಯ್ಯ ಹಗ್ಗ ಹೊಸೆದು ಬದುಕಿದವರು. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಕ್ರೈಸ್ತ ಮಠದಲ್ಲಿ ಬ್ರದರ್ ಲಾರೆನ್ಸ್ ಅಡುಗೆಮನೆ ಕೆಲಸ ಮಾಡುತ್ತಿದ್ದರು. ಇಬ್ಬರಿಗೂ ಕೆಲಸ ಬೇರೆ, ದೇವರು ಬೇರೆ ಆಗಿರಲಿಲ್ಲ. ಲಾರೆನ್ಸ್ ಪಾತ್ರೆಗಳ ಸದ್ದಿನ ನಡುವೆಯೂ ದೇವರ ಜೊತೆ ಮಾತಾಡುತ್ತಿದ್ದರು. ಅವರಿಗೂ ಅದು ಒಂದೇ ದಿನಕ್ಕೆ ಬರಲಿಲ್ಲ. ಮೊದಲ ಸುಮಾರು 10 ವರ್ಷ ತುಂಬಾ ಒದ್ದಾಡಿದರು.

ನಾನು ಮಾಡುವುದು ಇಷ್ಟೇ. ಬೆಳಿಗ್ಗೆ 10 ನಿಮಿಷ ಸುಮ್ನೆ ಕೂರುತ್ತೇನೆ. ಏನನ್ನೂ ಬೇಡುವುದಿಲ್ಲ. ಮನಸ್ಸು ಎಲ್ಲೋ ಹೋದರೆ ಬೈದುಕೊಳ್ಳದೆ ವಾಪಸ್ ಕರೆತರುತ್ತೇನೆ. ಸಿಟ್ಟಿದ್ದರೆ ಆ ಸಿಟ್ಟನ್ನೇ ದೇವರ ಮುಂದೆ ಇಡುತ್ತೇನೆ, ಮನೆಯವರೊಡನೆ ಮಾತಾಡಿದ ಹಾಗೆ. (ಶುರುವಿನಲ್ಲಿ ನನ್ನ ಜೊತೆ ನಾನೇ ಮಾತಾಡಿಕೊಂಡಂತೆ ಅನಿಸುತ್ತಿತ್ತು. ನಿಮಗೂ ಅನಿಸಬಹುದು, ಹೆದರಬೇಡಿ.)

ಈಗಿನ ಜಪ ಬಿಡಬೇಕಿಲ್ಲ. ಎಣಿಕೆ ಕಡಿಮೆ ಮಾಡಿ, ನಿಧಾನವಾಗಿ ಮಾಡಿ ನೋಡಿ. ಒಂದು ತಿಂಗಳಾದ ಮೇಲೆ ಹೇಗನಿಸುತ್ತಿದೆ ಅಂತ ಬರೆಯಿರಿ, ಕಾಯುತ್ತಿರುತ್ತೇನೆ.