ಬೇಸಿಗೆಯಲ್ಲಿ ತಾರಸಿ ಗಿಡಗಳನ್ನು ಬಿಟ್ಟು ಮಗಳ ಮನೆಗೆ ಹೋಗುವುದು ಹೇಗೆ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾಗಿ ಆರು ವರ್ಷವಾಯಿತು. ಬೆಂಗಳೂರಿನ ವಿಜಯನಗರದ ನಮ್ಮ ಮನೆಯ ತಾರಸಿಯಲ್ಲಿ ಚಿಕ್ಕದು ದೊಡ್ಡದು ಸೇರಿ ಎಂಬತ್ತು ಕುಂಡಗಳಿವೆ. ಏಪ್ರಿಲ್ ಮೊದಲ ವಾರ ಪುಣೆಯಲ್ಲಿರುವ ಮಗಳಿಗೆ ಹೆರಿಗೆ. ಬಾಣಂತನಕ್ಕೆ ನನ್ನ ಹೆಂಡತಿ ಹೋಗುತ್ತಾಳೆ. ಅಪ್ಪನೂ ಮೂರು ವಾರ ಬಂದಿರಲಿ ಎಂದು ಮಗಳ ಆಸೆ. ಗಿಡಕ್ಕೆ ನೀರು ಹಾಕುವವರಿಲ್ಲ, ನಾನು ಇಲ್ಲೇ ಇರುತ್ತೇನೆ ಎಂದೆ. ‘ಮೊಮ್ಮಗುವಿಗಿಂತ ನಿಮಗೆ ಗಿಡ ಹೆಚ್ಚಾಯ್ತಾ?’ ಎಂದು ಮನೆಯವಳು ಮಾತು ಬಿಟ್ಟಿದ್ದಾಳೆ. ಏನು ಮಾಡಲಿ?

ಉತ್ತರ: ಹೋಗಿ ಬನ್ನಿ ಸರ್. ರೈಲಿನ ಟಿಕೆಟ್ ಇವತ್ತೇ ಮಾಡಿಸಿ, ಉಳಿದದ್ದನ್ನು ಆಮೇಲೆ ನೋಡೋಣ. ನಿವೃತ್ತರಿಂದ ಬರುವ ಪತ್ರಗಳಲ್ಲಿ ಈ ಸಂಕಟವನ್ನು ಮತ್ತೆ ಮತ್ತೆ ಓದಿದ್ದೇನೆ. ಕೆಲಸದಲ್ಲಿದ್ದಾಗ ರಜೆ ಸಿಗದೆ ಮಕ್ಕಳ ಎಷ್ಟೋ ದಿನಗಳನ್ನು ಕಳೆದುಕೊಂಡವರು ಈಗ ಗಿಡದ ನೆಪದಲ್ಲಿ ಮೊಮ್ಮಕ್ಕಳ ದಿನಗಳನ್ನೂ ಕಳೆದುಕೊಳ್ಳುತ್ತಿದ್ದಾರೆ. ಒಂದು ಕರಿಬೇವು ಒಣಗಿದರೆ ಲಾಲ್‌ಬಾಗಿನ ನರ್ಸರಿಯಲ್ಲಿ ಇನ್ನೊಂದು ಸಸಿ ಸಿಗುತ್ತದೆ. ಹದಿನೈದು ದಿನದ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುವುದು ಈ ಏಪ್ರಿಲ್‌ನಲ್ಲಿ ಮಾತ್ರ ಸಾಧ್ಯ.

ಹಾಗೆಂದು ಗಿಡಗಳನ್ನು ಸಾಯಲು ಬಿಟ್ಟು ಹೋಗಿ ಎನ್ನುತ್ತಿಲ್ಲ. ಹೊರಡುವ ಮುಂಚಿನ ಮೂರು ವಾರ ಕೈಯಲ್ಲಿದ್ದರೆ ಸಾಕು.

ಮೊದಲು ನೀರಿನ ಲೆಕ್ಕ ನೋಡಿ. 12 ಇಂಚಿನ ಕುಂಡದಲ್ಲಿ ಚೆನ್ನಾಗಿ ಬೆಳೆದ ಗಿಡವೊಂದು ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ನೀರು ಕುಡಿಯುತ್ತದೆ. ಎಂಬತ್ತು ಕುಂಡಕ್ಕೆ ಹೆಚ್ಚುಕಡಿಮೆ ನೂರು ಲೀಟರ್. ಇಷ್ಟನ್ನು ದಿನವೂ ಹಾಕಿ ಎಂದು ಪಕ್ಕದ ಮನೆಯವರನ್ನು ಕೇಳುವುದು ನ್ಯಾಯವಲ್ಲ. ನೀರಿನ ವಿಷಯದಲ್ಲಂತೂ ಈ ಊರು ಈಗ ಬಹಳ ಎಚ್ಚರದಿಂದಿರಬೇಕು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. 2025ರ ಫೆಬ್ರವರಿಯಲ್ಲಿ ಅದೇ ಆದೇಶ ಮತ್ತೆ ಬಂತು. ಆದ್ದರಿಂದ ಗಿಡಗಳ ದಾಹವನ್ನೇ ತಗ್ಗಿಸಬೇಕು.

ಕುಂಡಗಳನ್ನು ಮೂರು ಗುಂಪು ಮಾಡಿ. ಕೊತ್ತಂಬರಿ, ಮೆಂತ್ಯ, ಚಳಿಗಾಲದ ಹೂಗಳು ಮುಗಿದಿದ್ದರೆ ಕಿತ್ತು ಗೊಬ್ಬರದ ಗುಂಡಿಗೆ ಹಾಕಿಬಿಡಿ. ಟೊಮೆಟೊ ಕೂಡ ಈ ಕಾವಿಗೆ ಹೂ ಉದುರಿಸುತ್ತದೆ, ಅದನ್ನು ಉಳಿಸಿಕೊಳ್ಳಲು ನೀರು ಸುರಿಯುವುದರಲ್ಲಿ ಅರ್ಥವಿಲ್ಲ. ಎರಡನೆಯದು ಸ್ನೇಕ್ ಪ್ಲಾಂಟ್, ಲೋಳೆಸರ, ಅಡೇನಿಯಂ, ಕಳ್ಳಿ ಜಾತಿಯವು. ನೆರಳಿಗೆ ಸರಿಸಿದರೆ ಮೂರು ವಾರ ಹನಿ ನೀರಿಲ್ಲದೆ ಇರುತ್ತವೆ. ಉಳಿಯುವುದು ನಿಜವಾಗಿ ನೀರು ಬೇಡುವ ಮಲ್ಲಿಗೆ, ದಾಸವಾಳ, ಗುಲಾಬಿ, ಕರಿಬೇವು, ನಿಂಬೆ, ಬಸಳೆ, ತುಳಸಿ. ನಿಮ್ಮ ತಾರಸಿಯಲ್ಲಿ ಇವು ಮೂವತ್ತರ ಆಸುಪಾಸು ಇರಬಹುದು.

ಈ ಮೂವತ್ತನ್ನು ಪಶ್ಚಿಮದ ಬಿಸಿಲಿಂದ ತಪ್ಪಿಸಿ. ಮಧ್ಯಾಹ್ನ ಮೂರಕ್ಕೆ ಕುಂಡದ ಪಶ್ಚಿಮದ ಮೈಯನ್ನು ಮುಟ್ಟಿ ನೋಡಿ, ಕೈಗೆ ತಾಗುವ ಆ ಕಾವು ಒಳಗಿನ ಬೇರಿಗೂ ತಾಗುತ್ತಿದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ಆದರೆ ಅಷ್ಟು ಏರದ ವರ್ಷಗಳಲ್ಲೂ ತಾರಸಿ ಗಿಡಗಳು ಹೋಗುವುದು ಕಾಂಕ್ರೀಟಿನ ಈ ಕಾವಿಗೇ. ನೀರಿನ ಟ್ಯಾಂಕಿನ ಪೂರ್ವಕ್ಕೋ ಮೆಟ್ಟಿಲ ಕೋಣೆಯ ನೆರಳಿಗೋ ತಂದು, ಎರಡೆರಡು ಇಟ್ಟಿಗೆಯ ಮೇಲೆ ಕೂರಿಸಿ, ಒಂದಕ್ಕೊಂದು ಒತ್ತೊತ್ತಾಗಿ ಇಡಿ. ಗುಂಪಿನಲ್ಲಿ ಒಂದರ ನೆರಳು ಇನ್ನೊಂದರ ಕುಂಡಕ್ಕೆ ಬೀಳುತ್ತದೆ. ದೊಡ್ಡವು ಹೊರಗೆ, ಚಿಕ್ಕವು ನಡುವೆ. ಮೇಲೆ ಅರ್ಧ ಬಿಸಿಲು ತಡೆಯುವ, ಶೇಕಡಾ 50ರ ಹಸಿರು ಶೇಡ್ ನೆಟ್ ಕಟ್ಟಿಸಿ. ಬಿಗಿಯಾಗಿ ಕಟ್ಟಿಸಿ, ಏಪ್ರಿಲ್ ಕೊನೆಗೆ ಬರುವ ಗುಡುಗು ಮಳೆಯ ಗಾಳಿ ನಿಮಗೆ ಗೊತ್ತೇ ಇದೆ. ಪ್ಯಾರಾಪೆಟ್ ಗೋಡೆಯ ಮೇಲೆ ಒಂದು ಕುಂಡವನ್ನೂ ಬಿಟ್ಟು ಹೋಗಬೇಡಿ. ಗಾಳಿಗೆ ಅದು ಬೀಳುವುದು ರಸ್ತೆಯಲ್ಲಿ ಹೋಗುವವರ ತಲೆಯ ಮೇಲೆ.

ಆಮೇಲೆ ಹೊದಿಕೆ. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ರಸ್ತೆಗಳಲ್ಲಿ ಹೊಂಗೆ ಎಲೆ ಉದುರಿ ರಾಶಿ ಬೀಳುತ್ತದೆ. ಎರಡು ಚೀಲ ತುಂಬಿಕೊಳ್ಳಿ. ಕುಂಡದ ಮಣ್ಣಿನ ಮೇಲೆ ಎರಡು ಇಂಚು ದಪ್ಪ ಹಾಸಿ, ಕಾಂಡದ ಸುತ್ತ ಒಂದಿಷ್ಟು ಬಯಲು ಬಿಡಿ. ಒಂದು ರಾತ್ರಿ ನೆನೆಸಿದ ತೆಂಗಿನ ನಾರನ್ನು ಎಲೆಯ ಕೆಳಗೆ ಹಾಸಿದರೆ ಇನ್ನೂ ಒಳ್ಳೆಯದು. ನೆರಳು, ಹೊದಿಕೆ ಎರಡೂ ಸೇರಿದರೆ ಒಂದೂವರೆ ಲೀಟರ್ ಬೇಡುತ್ತಿದ್ದ ಗಿಡ ಅರ್ಧ ಲೀಟರಿನಲ್ಲಿ ಜೀವ ಹಿಡಿದುಕೊಳ್ಳುತ್ತದೆ. ಹೂ ಬಿಡಲಿಕ್ಕಿಲ್ಲ, ಬದುಕಿರುತ್ತದೆ.

ಈಗ ಅರ್ಧ ಲೀಟರಿನಂತೆ ಮೂವತ್ತು ಕುಂಡಕ್ಕೆ ದಿನಕ್ಕೆ 15 ಲೀಟರ್ ಆಯಿತು. 200 ಲೀಟರಿನ ಒಂದು ಡ್ರಮ್ ಹದಿಮೂರು ದಿನ ಬರುತ್ತದೆ. ಹನಿ ನೀರಾವರಿಯ ಪೈಪನ್ನು ಮನೆಯ ಟ್ಯಾಂಕಿಗೆ ಜೋಡಿಸದೆ ಈ ಡ್ರಮ್ಮಿಗೆ ಜೋಡಿಸಿ ಎಂದು ಒತ್ತಿ ಹೇಳುತ್ತೇನೆ. ಮೊದಲ ಸಲ ನಾನು ಟ್ಯಾಂಕಿಗೇ ಜೋಡಿಸಿ ಊರಿಗೆ ಹೋಗಿದ್ದೆ. ನಡುವೆ ಒಂದು ಪೈಪು ಕಳಚಿ, ಒಂದೇ ರಾತ್ರಿಯಲ್ಲಿ ಟ್ಯಾಂಕ್ ಖಾಲಿಯಾಗಿ, ಕೆಳಗಿನ ಮನೆಯ ಬಾಡಿಗೆದಾರರು ಬೆಳಿಗ್ಗೆ ಮುಖ ತೊಳೆಯಲು ನೀರಿಲ್ಲದೆ ಪರದಾಡಿದರು. ಆ ಬೇಸರ ಇವತ್ತಿಗೂ ಹೋಗಿಲ್ಲ. ಡ್ರಮ್ಮಾದರೆ ಹೋಗುವುದು ಇನ್ನೂರು ಲೀಟರ್ ಮಾತ್ರ. ತುಂಬಿದ ಡ್ರಮ್ಮು 200 ಕಿಲೋ ತೂಗುತ್ತದೆ, ತಾರಸಿಯ ನಡುವೆ ಇಡದೆ ಕೆಳಗೆ ಗೋಡೆಯೋ ಕಂಬವೋ ಇರುವ ಕಡೆ, ಎರಡು ಮೂರು ಅಡಿ ಎತ್ತರದ ಗಟ್ಟಿ ಸ್ಟ್ಯಾಂಡಿನ ಮೇಲೆ ಇಡಿ. ಮುಚ್ಚಳ ಭದ್ರವಾಗಿರಲಿ, ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ. ಕುಂಡದ ಅಡಿಯ ತಟ್ಟೆಗಳನ್ನೂ ತೆಗೆದಿಟ್ಟು ಹೋಗಿ.

ಹೊತ್ತಿಗೆ ಸರಿಯಾಗಿ ತಾನೇ ನೀರು ಬಿಟ್ಟು ನಿಲ್ಲಿಸುವ ಟೈಮರ್ ಕೊಳ್ಳುವಾಗ ಬಹಳ ಜನ ಮೋಸ ಹೋಗುತ್ತಾರೆ. ವಿದ್ಯುತ್ಕಾಂತದಿಂದ ವಾಲ್ವ್ ತೆರೆಯುವ ಅಗ್ಗದ ಸೊಲೆನಾಯ್ಡ್ ಟೈಮರ್‌ಗಳು ಕೆಲಸ ಮಾಡಲು ನೀರಿಗೆ ಒತ್ತಡ ಬೇಕು. ಮೂರು ಅಡಿ ಎತ್ತರದ ಡ್ರಮ್ಮಿನಿಂದ ಆ ಒತ್ತಡ ಬರುವುದಿಲ್ಲ. ಬಾಲ್ ವಾಲ್ವ್ ಇರುವ, ‘ಝೀರೋ ಪ್ರೆಷರ್’ನಲ್ಲಿ ಓಡುವ ಟೈಮರ್ ಕೇಳಿ ತನ್ನಿ. ಕುಂಡಕ್ಕೆ ಹನಿ ಬಿಡುವ ಡ್ರಿಪ್ಪರ್ ಮೇಲೆ ಗಂಟೆಗೆ 4 ಲೀಟರ್ ಎಂದು ಬರೆದಿದ್ದರೂ ಇಷ್ಟು ಕಡಿಮೆ ಒತ್ತಡದಲ್ಲಿ ಅಷ್ಟು ಬರುವುದಿಲ್ಲ. ಒಂದು ಡ್ರಿಪ್ಪರಿನ ಕೆಳಗೆ ಬಾಟಲಿ ಇಟ್ಟು, ಅರ್ಧ ಲೀಟರ್ ತುಂಬಲು ಎಷ್ಟು ನಿಮಿಷ ಎಂದು ನೋಡಿ, ಅಷ್ಟಕ್ಕೇ ಟೈಮರ್ ಇಡಿ. ಬೆಳಿಗ್ಗೆ ಐದೂವರೆಗೆ ಒಂದೇ ಸಲ ಸಾಕು. ಹೊರಡುವ ಹತ್ತು ದಿನ ಮುಂಚೆಯೇ ಶುರುಮಾಡಿ, ನೀವು ಕೈಯಿಂದ ಒಂದು ಹನಿಯೂ ಹಾಕದೆ ಗಿಡಗಳನ್ನು ಗಮನಿಸಿ. ಯಾವುದು ಬಾಡುತ್ತದೋ ಅದಕ್ಕೆ ಇನ್ನೊಂದು ಡ್ರಿಪ್ಪರ್ ಕೊಡಿ. ಈ ಹತ್ತು ದಿನದ ಪರೀಕ್ಷೆ ತಪ್ಪಿಸಿದವರೇ ಬಂದು ಸತ್ತ ಗಿಡ ನೋಡುವುದು.

ಪಕ್ಕದ ಮನೆಯವರಿಂದ ಈಗ ಬೇಕಾಗಿರುವುದು ಹನ್ನೆರಡನೇ ದಿನ ಬೋರಿನ ನೀರಿನ ಪೈಪು ಹಿಡಿದು ಡ್ರಮ್ ತುಂಬಿಸುವ ಕೆಲಸ ಮಾತ್ರ. ಏಪ್ರಿಲ್‌ನಲ್ಲಿ ದುಂಡು ಮಲ್ಲಿಗೆ ಬಿಡುತ್ತಿದ್ದರೆ, ಹೂ ಕಿತ್ತುಕೊಂಡು ಹೋಗಿ ದೇವರಿಗೆ ಏರಿಸಿ ಎಂದು ಹೇಳಿ. ಹೂವಿಗೆ ದಿನವೂ ಮೇಲೆ ಬಂದವರು ಪೈಪಿನ ಮೇಲೂ ಒಂದು ಕಣ್ಣಿಡುತ್ತಾರೆ. ಕಳ್ಳಿ ಗಿಡಗಳಿಗೆ ಕೆಂಪು ದಾರ ಕಟ್ಟಿ, ಇವಕ್ಕೆ ನೀರು ಬೇಡ ಎಂದು ತೋರಿಸಿ ಹೋಗಿ. ಪ್ರೀತಿಯಿಂದ ಹಾಕಿದ ನೀರಿಗೇ ಅಡೇನಿಯಂ ಕೊಳೆಯುವುದು.

ಹೊರಡುವ ಮುಂಚೆ ಗೊಬ್ಬರ ಹಾಕಬೇಡಿ, ಕುಂಡ ಬದಲಿಸಬೇಡಿ, ಗಿಡ ಬೋಳಿಸಬೇಡಿ. ಹೊಸ ಚಿಗುರು ಆ ಬಿಸಿಲು ತಡೆಯುವುದಿಲ್ಲ. ಆ ಕೆಲಸಗಳೆಲ್ಲ ನೀವು ಬಂದ ಮೇಲೆ, ಮೊದಲ ಮಳೆಗೆ.

ಪ್ರಶ್ನೆ: ಮಲ್ಲೇಶ್ವರದಲ್ಲಿದ್ದೇನೆ, ನಿವೃತ್ತ ಶಿಕ್ಷಕಿ. ದಾವಣಗೆರೆಯಿಂದ ಮಗಳ ಮಕ್ಕಳು ಏಪ್ರಿಲ್ ಮಧ್ಯದಲ್ಲಿ ಬರುತ್ತಾರೆ. ಅಮೆರಿಕದಿಂದ ಮಗನ ಮಕ್ಕಳು ಜೂನ್ ಕೊನೆಗೆ ಬಂದು ಆಗಸ್ಟ್‌ವರೆಗೆ ಇರುತ್ತಾರೆ. ಅಜ್ಜಿಯ ತೋಟದಲ್ಲಿ ಅವರ ಕೈಯಿಂದಲೇ ಏನಾದರೂ ಬೆಳೆಸಬೇಕು. ಏನು ಹಾಕಲಿ?

ಉತ್ತರ: ಅಮ್ಮಾ, ನಿಮ್ಮ ಮನೆಗೆ ಎರಡು ಬೇಸಿಗೆ ರಜೆ. ಒಂದು ನಮ್ಮ ಬಿಸಿಲಲ್ಲಿ, ಇನ್ನೊಂದು ನಮ್ಮ ಮಳೆಯಲ್ಲಿ. ಬೀಜ ಹಾಕುವ ದಿನವನ್ನು ಮಕ್ಕಳು ಬರುವ ದಿನದಿಂದ ಹಿಂದಕ್ಕೆ ಎಣಿಸಿ.

ದಾವಣಗೆರೆಯ ಮಕ್ಕಳಿಗಾಗಿ ಫೆಬ್ರವರಿ ಕೊನೆಗೇ ಬೆಂಡೆ ಬೀಜ ಊರಿ. ನಲವತ್ತೈದು, ಐವತ್ತು ದಿನಕ್ಕೆ ಕಾಯಿ ಸಿಗುತ್ತದೆ, ಮಕ್ಕಳು ಬಂದ ಮರುದಿನವೇ ಕೀಳಬಹುದು. ಅವರೇ ಬಿತ್ತುವುದಕ್ಕೆ ಹರಿವೆ ಸೊಪ್ಪು ಸರಿ. ಮೂರು ನಾಲ್ಕು ದಿನಕ್ಕೆ ಮೊಳಕೆ, ತಿಂಗಳೊಳಗೆ ಅವರದೇ ಸೊಪ್ಪಿನ ಸಾರು. ಪ್ರತಿ ಮಗುವಿಗೂ ಒಂದು ಸ್ವಂತ ಕುಂಡ, ಅದರ ಮೇಲೆ ಸುಣ್ಣದಲ್ಲಿ ಅವರ ಹೆಸರು, ಕೈಗೊಂದು ಚಿಕ್ಕ ಚೊಂಬು. ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಮಾತ್ರ ತಾರಸಿಗೆ ಬಿಡಿ, ಚಪ್ಪಲಿ ಹಾಕಿಸಿ.

ಅಮೆರಿಕದ ಮಕ್ಕಳಿಗೆ ಬಳ್ಳಿ ಹಬ್ಬಿಸಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ನಿಮಗೆ ತಿಳಿದದ್ದೇ. ಭರಣಿ ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ. ಆಗ ಹೀರೆ, ಸೋರೆ ಬೀಜ ದೊಡ್ಡ ಗ್ರೋ ಬ್ಯಾಗಿಗೆ ಹಾಕಿದರೆ ಮಕ್ಕಳು ಬರುವ ಹೊತ್ತಿಗೆ ಚಪ್ಪರ ತುಂಬ ಹೂವಿರುತ್ತದೆ. ಇವೆರಡರ ಹೂವೂ ಅರಳುವುದು ಇಳಿಹೊತ್ತಿಗೆ, ಹೀರೆ ಹಳದಿ, ಸೋರೆ ಬಿಳಿ. ನಗರದ ತಾರಸಿಗಳಿಗೆ ಸಾಕಷ್ಟು ದುಂಬಿ, ಪತಂಗ ಬರದೆ ಎಳೆಗಾಯಿ ಹಳದಿಯಾಗಿ ಉದುರುತ್ತದೆ. ಆ ಕೆಲಸವನ್ನು ಮಕ್ಕಳಿಗೆ ಕೊಡಿ: ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ, ಬರಿ ತೊಟ್ಟಿರುವುದು ಗಂಡು. ಗಂಡು ಹೂ ಕಿತ್ತು ಹೆಣ್ಣಿನ ನಡುವಿಗೆ ಮೆಲ್ಲಗೆ ಸವರಬೇಕು. ತಾವು ಸವರಿದ ಹೂವಿಗೆ ದಾರ ಕಟ್ಟಿ, ದಿನವೂ ಕಾಯಿ ಎಷ್ಟು ಬೆಳೆಯಿತೆಂದು ಅಳೆಯಲಿ. ಆ ಕಾಯಿಯಿಂದಲೇ ಹೀರೆಕಾಯಿ ಬಜ್ಜಿ ಮಾಡಿಕೊಡಿ.

ಪ್ರಶ್ನೆ: ನನಗೆ 72. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಬೇಸಿಗೆಯಲ್ಲಿ ಗಿಡಕ್ಕೆ ನೀರು ಹಾಕಿ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ತೋಟವನ್ನೇ ನಿಲ್ಲಿಸಿ ಎಂದು ಸೊಸೆ ಹೇಳುತ್ತಾಳೆ.

ಉತ್ತರ: ನಿಮ್ಮ ಸೊಸೆಗೆ ನಿಮ್ಮ ಮೇಲಿರುವ ಕಾಳಜಿ ಅದು. ಮೊದಲು ಡಾಕ್ಟರಿಗೆ ತೋರಿಸಿ. ಬಿಪಿಯ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ, ಬಿಸಿಲಲ್ಲಿ ಬೆವರೂ ಹೋದರೆ ಎದ್ದು ನಿಂತಾಗ ತಲೆ ಸುತ್ತುವುದುಂಟು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಡಾಕ್ಟರಿಗೆ ತೋರಿಸುವವರೆಗೆ ಬೆಳಿಗ್ಗೆಯ ನೀರನ್ನು ಮನೆಯವರು ಯಾರಾದರೂ ಹಾಕಲಿ. ಆಮೇಲೆ ನಿಮ್ಮ ಮನಸ್ಸಿಗೆ ಹತ್ತಿರವಾದ ಹತ್ತು ಕುಂಡ ಆರಿಸಿ, ಬಗ್ಗುವ ಅಗತ್ಯ ಬೀಳದಂತೆ ಸೊಂಟದೆತ್ತರದ ಬೆಂಚಿನ ಮೇಲೆ ಇಡಿಸಿ. ಪಕ್ಕದಲ್ಲೊಂದು ಕುರ್ಚಿ ಹಾಕಿಸಿ, ಎರಡು ಲೀಟರಿಗಿಂತ ದೊಡ್ಡ ಕ್ಯಾನ್ ಎತ್ತಬೇಡಿ. ಉಳಿದ ಕುಂಡಗಳನ್ನು ಏನು ಮಾಡೋಣ ಎಂದು ಸೊಸೆಯನ್ನೇ ಕೇಳಿ, ಅವರು ತಮಗೆ ಇಷ್ಟವಾದವರಿಗೆ ಕೊಡಲಿ.